ಒಂದು ಇಂಚು ಹನ್ನೆರಡು ಸೆಂಟ್

ಮಾದಾಪುರದ ಕಡೆ ಒಂದು ಕಾಲಕ್ಕೆ ಇಬ್ಬರು ಎದುರುಬದುರಾದರೆ ಮೊದಲು ಕೇಳುತ್ತಿದ್ದದ್ದು ಊಟ ಆಯ್ತಾ ಅಂತ ಅಲ್ಲ, ಮನೆಯಲ್ಲಿ ಎಲ್ಲರೂ ಹುಷಾರಾ ಅಂತಲೂ ಅಲ್ಲ. "ನಿಮಗೆ ಎಷ್ಟು ಸೆಂಟಾಯ್ತು?" ಅಷ್ಟೇ. ಮಳೆಯ ಸೆಂಟು. ಇಂಚಿಗೆ ನೂರು ಸೆಂಟು. ಮದುವೆ ಮನೆಯಲ್ಲಿ ಕೇಳುತ್ತಿದ್ದರು, ತಿಥಿ ಮನೆಯಲ್ಲಿ ಕೇಳುತ್ತಿದ್ದರು, ಸೋಮವಾರಪೇಟೆ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದರು. ಬೇಲಿಯಾಚೆಯ ತೋಟಕ್ಕೆ ಎಪ್ಪತ್ತು ಸೆಂಟು ಬಿದ್ದು ತನ್ನ ತೋಟಕ್ಕೆ ಅರವತ್ತೆಂಟೇ ಬಿದ್ದಿದೆ ಎಂದು ಗೊತ್ತಾದವನಿಗೆ ಅವತ್ತು ಅನ್ನ ಸೇರುತ್ತಿರಲಿಲ್ಲ. ಈಗ ಯಾರು ಕೇಳುತ್ತಾರೆ? ಎಲ್ಲರ ಕೈಯಲ್ಲೂ ಫೋನು, ಫೋನಿನೊಳಗೆ ಮೋಡದ ಚಿತ್ರ. ಅದು ಮಳೆ ಅಂದ ದಿನ ಬಿಸಿಲು, ಬಿಸಿಲು ಅಂದ ದಿನ ನಾವು ನೆನೆದುಕೊಂಡು ಮನೆಗೆ ಬರುತ್ತೇವೆ. ಗುಡ್ಡ ಜಾರಿದ ಆ ವರ್ಷದ ಮೇಲಂತೂ ಮಳೆಯ ಬಗ್ಗೆ ಸಲಿಗೆಯಿಂದ ಮಾತಾಡುವುದೇ ಕಡಿಮೆಯಾಗಿಬಿಟ್ಟಿದೆ.

ಆ ಹಳೆಯ ಕಾಲದಲ್ಲಿ ಬೆಳ್ಳಮ್ಮನವರ ಕಾಫಿ ತೋಟಕ್ಕೆ ಸಣ್ಣಸ್ವಾಮಿ ಎಂಬುವರು ರೈಟರಾಗಿದ್ದರು. ಆಳುಗಳ ಹಾಜರಿ, ಗೊಬ್ಬರದ ಚೀಟಿ, ಕೊಯ್ಲಿನ ತೂಕ ಎಲ್ಲ ಬರೆಯುವುದು ಅವರ ಕೆಲಸ. ಆದರೆ ಅವರು ಮೈಮೇಲೆ ಬಂದವರ ಹಾಗೆ ಮಾಡುತ್ತಿದ್ದ ಕೆಲಸ ಒಂದೇ, ಮಳೆ ಅಳೆಯುವುದು. ಕಾಫಿ ಒಣಗಿಸುವ ಕಣದ ಹಿಂದೆ ಸೊಂಟದೆತ್ತರದ ಒಂದು ಕಲ್ಲುಕಂಬ, ಅದರ ಮೇಲೆ ತಾಮ್ರದ ಮಳೆ ಪಾತ್ರೆ. ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ಅಲ್ಲಿಗೆ ಹೋಗಿ, ಪಾತ್ರೆಯ ನೀರನ್ನು ಗಾಜಿನ ಅಳತೆ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿ ಹಿಡಿದು ನೋಡುತ್ತಿದ್ದರು. ಆಮೇಲೆ ಬಂಗಲೆಯ ವರಾಂಡಕ್ಕೆ ಕೇಳುವಂತೆ ಕೂಗುತ್ತಿದ್ದರು, "ನಲವತ್ತೊಂದು ಸೆಂಟ್, ಅಮ್ಮ." ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದ ಬೆಳ್ಳಮ್ಮ ತಲೆ ಎತ್ತದೆ ಹೇಳುತ್ತಿದ್ದರು, "ಸರಿ, ಬರ್ಕೊಳ್ಳಿ."

ಬರೆದುಕೊಳ್ಳುವುದಕ್ಕೆ ಒಂದು ಮಳೆ ಪುಸ್ತಕವಿತ್ತು. ತಾರೀಕು, ಇಂಚು, ಸೆಂಟು, ಕೊನೆಯಲ್ಲಿ ಷರಾ ಎಂದು ಒಂದು ಕಲಮು. ಷರಾದಲ್ಲಿ 'ಗುಡುಗು' ಎಂದೋ 'ಆಲಿಕಲ್ಲು' ಎಂದೋ ಬರೆಯುತ್ತಿದ್ದರು. ಒಂದು ಆಷಾಢದಲ್ಲಿ 'ಪಾತ್ರೆಯಲ್ಲಿ ಕಪ್ಪೆ. ಕಪ್ಪೆಯನ್ನು ಕಳೆದು ಬರೆದಿದೆ' ಎಂದು ಬರೆದದ್ದುಂಟು. ಕಪ್ಪೆ ಎಷ್ಟು ಸೆಂಟಿತ್ತು ಎಂದು ಹೇಗೆ ಕಂಡುಹಿಡಿದರೋ ಆ ಪುಣ್ಯಾತ್ಮ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಸಣ್ಣಸ್ವಾಮಿ ತೀರಿಕೊಂಡು ಆರು ವರ್ಷವಾಯಿತು. ಅವರು ಕೆಲಸ ಬಿಟ್ಟ ಮೇಲೆ ತೋಟದಲ್ಲಿ ಮಳೆ ಅಳೆಯುವವರಿಲ್ಲದೆ ತಾಮ್ರದ ಪಾತ್ರೆ ಅವರ ಹೆಂಡತಿ ನಿಂಗಮ್ಮನ ಅಡುಗೆಮನೆಗೆ ಬಂತು, ಅದರಲ್ಲಿ ಒಣಮೆಣಸಿನಕಾಯಿ ತುಂಬಿಸಿಟ್ಟರು. ಗಾಜಿನ ಲೋಟ ದೇವರ ಗೂಡು ಸೇರಿ ದಾಸವಾಳ ಇಡುವುದಕ್ಕಾಯಿತು. ಕಣದ ಹಿಂದಿನ ಕಲ್ಲುಕಂಬ ಮಾತ್ರ ತಲೆಯ ಮೇಲೆ ಏನೂ ಇಲ್ಲದೆ ಹಾಗೇ ನಿಂತಿತ್ತು.

ಈ ದಂಪತಿಗಳ ಒಬ್ಬನೇ ಮಗ ಚಿದಾನಂದ. ವಯಸ್ಸು ನಲವತ್ತಾರು, ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಕೈಯಲ್ಲಿ ಚಳಕವಿತ್ತು, ಅಂಗಡಿ ನಡೆಯುತ್ತಿತ್ತು, ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಅವನಿಗೆ ಪರಿಸರವನ್ನು ಉಳಿಸಿಯೇ ಉದ್ಯಮಿಯಾಗಬೇಕೆಂಬ ಹುಚ್ಚು. ಮೊದಲು ಕಾಫಿ ಹಣ್ಣಿನ ಸಿಪ್ಪೆಯಿಂದ ಅಡುಗೆ ಗ್ಯಾಸ್ ಮಾಡಲು ಹೊರಟ. ಗ್ಯಾಸ್ ಬರಲಿಲ್ಲ, ವಾಸನೆ ಬಂತು, ಬಸ್ಸುಗಳು ಸ್ಟ್ಯಾಂಡು ಬಿಟ್ಟು ಇನ್ನೂರು ಗಜ ಮುಂದೆ ಹೋಗಿ ನಿಲ್ಲತೊಡಗಿದವು. ಆಮೇಲೆ ಬಿಸಿಲಿನ ಶಕ್ತಿಯಿಂದ ಕೂಗಿ ಆನೆ ಓಡಿಸುವ ಸೈರನ್ ಮಾಡಿದ. ಆನೆ ತೋಟಕ್ಕೆ ಇಳಿಯುವುದು ಕತ್ತಲಾದ ಮೇಲೆ ಎಂಬುದು ಸೈರನ್ ನೆಟ್ಟು, ಬಾಳೆಹಣ್ಣು ನೈವೇದ್ಯ ಮಾಡಿ, ಮನೆಗೆ ಬಂದು ಕೂತ ಮೇಲೆ ನೆನಪಾಯಿತು.

ಹೀಗಿರುವಾಗ ಕುಶಾಲನಗರದಲ್ಲಿ ಹಸಿರು ಉದ್ಯಮಿಗಳಿಗೆಂದು ಎರಡು ದಿನದ ಶಿಬಿರ ನಡೆಯಿತು. ಉದ್ಯಮಿಯಾಗುವ ಮೊದಲ ಹೆಜ್ಜೆ ಎಂದರೆ ತಾನು ಉದ್ಯಮಿ ಎಂದು ಲೋಕಕ್ಕೆ ಪರಿಚಯಿಸಿಕೊಳ್ಳುವುದು ಎಂದು ಅಲ್ಲಿ ಯಾರೋ ಭಾಷಣ ಮಾಡಿದರು. ಚಿದಾನಂದ ಆ ಒಂದು ಹೆಜ್ಜೆಯನ್ನು ಬಹಳ ಜೋರಾಗಿಯೇ ಇಟ್ಟ. 'ಚಿದಾನಂದ ಎಸ್., ಸಂಸ್ಥಾಪಕರು ಮತ್ತು ಮುಖ್ಯ ಕಾರ್ಯನಿರ್ವಾಹಕರು, ವರುಣಮಿತ್ರ ಪರಿಸರ ತಂತ್ರಜ್ಞಾನ' ಎಂದು ಐನೂರು ಕಾರ್ಡು ಹಾಕಿಸಿದ. ಶಾಲೆಯಲ್ಲಿ ಟೀಚರಾಗಿದ್ದ ಹೆಂಡತಿ ಅನುಪಮಾ ಅದನ್ನು ಎರಡು ಸಲ ಓದಿ, ಇದರಲ್ಲಿ ಮುಖ್ಯರು ನೀವಾದರೆ ಅಮುಖ್ಯರು ಯಾರು ಎಂದು ಕೇಳಿದಳು. ಕಾರ್ಡು ಕೂಡ ಸಾಮಾನ್ಯದ್ದಲ್ಲ, ಬೀಜ ಸೇರಿಸಿ ಮಾಡಿದ ಕಾಗದ; ಓದಿ ಎಸೆದರೆ ಹರಿವೆ ಸೊಪ್ಪಿನ ಗಿಡ ಬರುತ್ತದೆ. ನಮ್ಮೂರಿನ ಮಂಜಿಗೆ ಎಸೆಯುವವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಅಂಗಡಿಯ ಡ್ರಾಯರಿನಲ್ಲಿದ್ದ ನಾನೂರು ಕಾರ್ಡು ಹದಿನೈದು ದಿನಕ್ಕೆ ಮೊಳಕೆ ಬಿಟ್ಟಿತು. ಬೆಳ್ಳಮ್ಮ ತಮಗೆ ಕೊಟ್ಟದ್ದನ್ನು ಬಚ್ಚಲ ಹಿಂದೆ ಎಸೆದಿದ್ದರು. ತಿಂಗಳಾದ ಮೇಲೆ ಸಿಕ್ಕಾಗ, ನಿನ್ನ ಕಾರ್ಡು ಪಲ್ಯಕ್ಕೆ ಚೆನ್ನಾಗಿತ್ತು ಕಣೋ, ಇನ್ನೊಂದಿದ್ರೆ ಕೊಡು ಎಂದರು.

ಇಷ್ಟೆಲ್ಲ ನಗೆಪಾಟಲಾದರೂ ವರುಣಮಿತ್ರ ಮಾತ್ರ ನಿಜಕ್ಕೂ ಒಳ್ಳೆಯ ಯೋಚನೆ. ಕಾಫಿ ಗಿಡದ ಮೊಗ್ಗು ಅರಳಬೇಕಾದರೆ ಬೇಸಿಗೆಯಲ್ಲಿ ಒಂದು ಹದವಾದ ಮಳೆ ಬೇಕು, ಅದಕ್ಕೆ ಹೂಮಳೆ ಎನ್ನುತ್ತೇವೆ. ಅದು ಬರದಿದ್ದರೆ ಪಂಪು ಹಚ್ಚಿ ಹೊಳೆಯ ನೀರನ್ನು ಗಿಡಗಳ ಮೇಲೆ ಚಿಮ್ಮಿಸಬೇಕು. ಮಳೆ ಎಲ್ಲಿ ಎಷ್ಟು ಬಿತ್ತು ಎಂದು ಸರಿಯಾಗಿ ಗೊತ್ತಿಲ್ಲದೆ ಎಲ್ಲರೂ ಅನುಮಾನಕ್ಕೇ ಪಂಪು ಹಚ್ಚುತ್ತಾರೆ, ಏಪ್ರಿಲ್ ಬರುವಷ್ಟರಲ್ಲಿ ಹೊಳೆಯಲ್ಲಿ ಕಲ್ಲು ಮಾತ್ರ ಉಳಿದಿರುತ್ತದೆ. ಚಿದಾನಂದ ಕೆಟ್ಟುಹೋದ ಮೊಬೈಲುಗಳ ಒಳಗಿನ ಸಾಮಾನು ತೆಗೆದು, ಐದಿಂಚಿನ ಪೈಪು, ಅಂಗಳದ ಸೋಲಾರ್ ದೀಪದ ಹಲಗೆ ಸೇರಿಸಿ, ಮಳೆ ಅಳೆಯುವ ಯಂತ್ರ ಮಾಡಿದ. ಹಿಂದಿನ ಇಪ್ಪತ್ನಾಲ್ಕು ಗಂಟೆಯಲ್ಲಿ ಎಷ್ಟು ಬಿತ್ತೋ ಅದನ್ನು ಅದು ದಿನಾ ಬೆಳಿಗ್ಗೆ ಎಂಟಕ್ಕೆ ಬೆಳೆಗಾರರ ವಾಟ್ಸಾಪ್ ಗುಂಪಿಗೆ ತಾನೇ ಕಳಿಸುತ್ತದೆ. ಗುಂಪಿನಲ್ಲಿ ಇಪ್ಪತ್ಮೂರು ಜನ. ಎಂಟು ಗಂಟೆಯೇ ಯಾಕೆ ಎಂದು ಅನುಪಮಾ ಕೇಳಿದಾಗ ಅವನು ಗೋಡೆಯ ಮೇಲಿದ್ದ ಅಪ್ಪನ ಫೋಟೋ ಕಡೆ ನೋಡಿದ ಅಷ್ಟೆ.

ಮೊದಲ ಯಂತ್ರಕ್ಕೆ ಜಾಗ ಕೊಟ್ಟವರು ಬೆಳ್ಳಮ್ಮ. ಎಪ್ಪತ್ತೆರಡು ವರ್ಷದ ಅವರಿಗೆ ಮಾರ್ಚಿನಲ್ಲಿ ಮೈಸೂರಿನಲ್ಲಿ ಕಣ್ಣಿನ ಆಪರೇಷನ್ ಇತ್ತು, ಅಣ್ಣನ ಮೊಮ್ಮಗಳು ಹರ್ಷಿತಾಳ ಮನೆಯಲ್ಲಿ ಹತ್ತು ಹದಿನೈದು ದಿನ ಇರಬೇಕಿತ್ತು. ಮೊಗ್ಗು ಆಗಲೇ ಬಲಿತು ನಿಂತಿದೆ, ವಾರದೊಳಗೆ ನೀರು ಕಾಣದಿದ್ದರೆ ಒಣಗಿ ಉದುರಿಹೋಗುತ್ತದೆ, ಮುಂದಿನ ವರ್ಷದ ಫಸಲೇ ಇಲ್ಲ. ಹಾಗಾಗಿ ಪಂಪು ಬಾಡಿಗೆಗೆ ಕೊಡುವ ರಾಜುವಿಗೆ ಗುರುವಾರದ ಸರದಿ ಹೇಳಿದ್ದರು. ಅಷ್ಟರೊಳಗೆ ಒಂದಿಂಚು ಮಳೆ ಬಂದರೆ ಪಂಪು ಬೇಡ, ಹೊಳೆಯ ನೀರಾದರೂ ಉಳಿಯಲಿ, ನಿನ್ನ ಮಿಶನ್ ನಂಗೆ ಹೇಳ್ಲಿ ಎಂದು ಚಿದಾನಂದನಿಗೆ ಒಪ್ಪಿಸಿ ಶನಿವಾರ ಕಾರು ಹತ್ತಿದರು. ಭಾನುವಾರ ಬೆಳಿಗ್ಗೆ ಏಳೂವರೆಗೆ ಚಿದಾನಂದ ಅಪ್ಪನ ಆ ಕಲ್ಲುಕಂಬದ ಮೇಲೆಯೇ ವರುಣಮಿತ್ರವನ್ನು ಕೂರಿಸಿ, ತೆಂಗಿನಕಾಯಿ ಒಡೆದು, ಫೋಟೋ ತೆಗೆಸಿಕೊಂಡು ಅಂಗಡಿಗೆ ಬಂದ.

ಸೋಮವಾರ ಎಂಟು ಗಂಟೆಗೆ ಇಪ್ಪತ್ಮೂರು ಫೋನುಗಳೂ ಒಟ್ಟಿಗೆ ಕಿಣಿಗುಟ್ಟಿದವು. ಬೆಳ್ಳಮ್ಮನವರ ತೋಟ: ಒಂದು ಇಂಚು ಹನ್ನೆರಡು ಸೆಂಟ್.

ಆಕಾಶದಲ್ಲಿ ಹತ್ತಿಯಷ್ಟು ಮೋಡವಿರಲಿಲ್ಲ. ಚಿದಾನಂದ ಅಂಗಡಿ ಬಾಗಿಲು ಅರ್ಧಕ್ಕೇ ಎಳೆದು ಸ್ಕೂಟರಿನಲ್ಲಿ ತೋಟಕ್ಕೆ ಓಡಿದ. ರಸ್ತೆಯಲ್ಲಿ ಧೂಳು, ತೋಟದ ತರಗೆಲೆ ಹಪ್ಪಳದಂತೆ ಗರಗರ. ಆದರೆ ಕಲ್ಲುಕಂಬದ ಹತ್ತಿರ ಹೋಗಿ ನೋಡುತ್ತಾನೆ, ಯಂತ್ರದ ಮೈ ಒದ್ದೆ, ಕಂಬದ ಬುಡ ಒದ್ದೆ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಅನುಮಾನ ಪಡುತ್ತಿದ್ದರು. ನಮ್ಮ ಮುಖ್ಯ ಕಾರ್ಯನಿರ್ವಾಹಕರು ಒದ್ದೆ ಮಣ್ಣನ್ನು ಬೆರಳಿನಿಂದ ಮುಟ್ಟಿ, ಮೂಸಿ ನೋಡಿ, ಮಳೆ ಬಂದದ್ದು ನಿಜ, ಆದರೆ ಬಹಳ ಸಣ್ಣ ಜಾಗಕ್ಕೆ ಬಂದಿದೆ ಎಂದು ತೀರ್ಮಾನಿಸಿದರು. ಅದೇ ಹೊತ್ತಿಗೆ ಮೈಸೂರಿನಿಂದ ಹರ್ಷಿತಾ ಫೋನ್ ಮಾಡಿ, ಅಜ್ಜಿ ಬಹಳ ಖುಷಿಯಾಗಿದ್ದಾರೆ, ಪಂಪು ಬೇಡ ಎಂದು ರಾಜುವಿಗೆ ಹೇಳಿಬಿಟ್ಟಿದ್ದಾರೆ ಎಂದಳು. ಚಿದಾನಂದ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಅಧ್ಯಯನ ನಡೀತಿದೆ ಎಂದ.

ಬೆಳ್ಳಮ್ಮನವರ ಸರದಿಯನ್ನು ರಾಜು ಬೇಲಿಯಾಚೆಯ ತೋಟದ ಸುನಿಲನಿಗೆ ಕೊಟ್ಟ. ಕೊಡುವಾಗ, ಆ ಮಿಶನ್ನಿನ ಬುಡಕ್ಕೆ ಮಾತ್ರ ಮಳೆ ಬಿದ್ದಿದೆಯಂತೆ ಮಾರಾಯ, ಸುತ್ತ ಒಂದು ಹನಿ ಇಲ್ಲವಂತೆ ಎಂದು ತಾನು ಕೇಳಿದ್ದಕ್ಕೆ ಒಂದು ಚಿಟಿಕೆ ಉಪ್ಪು ಸೇರಿಸಿ ಹೇಳಿದ. ಸುನಿಲ ಅದನ್ನು ಹೋಟೆಲಿನಲ್ಲಿ ಹೇಳಿದ. ಹೋಟೆಲಿನಿಂದ ಎದ್ದ ಮಾತು ಮೂರು ಮೈಲಿ ನಡೆಯುವಷ್ಟರಲ್ಲಿ ಚಿದಾನಂದನ ಯಂತ್ರ ಮಳೆ ಅಳೆಯುವುದಲ್ಲ, ಮಳೆ ಎಳೆಯುವುದು ಎಂದಾಗಿತ್ತು.

ಮಂಗಳವಾರ ಎಂಟಕ್ಕೆ ಮತ್ತೆ ಒಂದು ಇಂಚು ಹನ್ನೆರಡು ಸೆಂಟ್. ಅಂಗಡಿಯ ಮುಂದೆ ಜನವೋ ಜನ. ಮೊಬೈಲ್ ರಿಪೇರಿಗೆ ಬಂದವನೊಬ್ಬನಿಲ್ಲ. ಮೊದಲು ಬಂದವನು ಸುನಿಲ, ಮುಖ ಊದಿಸಿಕೊಂಡು. ತನ್ನ ತೋಟದ ಕಡೆ ಬರುತ್ತಿದ್ದ ಮೋಡವನ್ನು ಬೇಲಿಯ ಆಚೆಗೆ ಎಳೆದುಕೊಳ್ಳುವುದು ಯಾವ ನ್ಯಾಯ, ಅಜ್ಜನ ಕಾಲದಿಂದ ಆ ಮೋಡ ನಮ್ಮದು, ಪಂಚಾಯ್ತಿಗೆ ಅರ್ಜಿ ಕೊಡುತ್ತೇನೆ ಎಂದು ಕೂಗಾಡಿದ. ಚಿದಾನಂದ ಸಮಾಧಾನವಾಗಿ ಒಂದು ಕಾರ್ಡು ಕೊಟ್ಟ. ಕಾರ್ಡನ್ನು ಎರಡೂ ಕಡೆ ನೋಡಿದ ಸುನಿಲ ದನಿ ತಗ್ಗಿಸಿ, ಹಾಗಾದ್ರೆ ನಂಗೂ ಎರಡು ಹಾಕಿಕೊಡು, ನಾನೂ ಎಳೀತೀನಿ ಎಂದ. ಸಂಜೆಯೊಳಗೆ ಹದಿನಾಲ್ಕು ಯಂತ್ರಕ್ಕೆ ಹೆಸರು ಬರೆಸಿದರು. ಸಂಪಾಜೆಯಿಂದ ಯಾರೋ ಫೋನು ಮಾಡಿ, ನಮಗೆ ಮಳೆ ಜಾಸ್ತಿಯಾಗಿದೆ, ಉಲ್ಟಾ ತಿರುಗಿಸೋ ಗುಂಡಿ ಇದೆಯಾ ಎಂದು ವಿಚಾರಿಸಿದರು.

ಈಗ ಹೇಳಿಬಿಡಬಹುದಿತ್ತು. ಇದು ಬರೀ ಅಳೆಯುವ ಡಬ್ಬ ಕಣ್ರಪ್ಪ ಎಂದು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಲವತ್ತಾರು ವರ್ಷದಲ್ಲಿ ಮೊದಲ ಸಲ ಊರು ಅವನ ಮಾತಿಗೆ ಕಾದು ನಿಂತಿತ್ತು. ಮೇಲಾಗಿ ಗುರುವಾರ ಹತ್ತು ಗಂಟೆಗೆ ಮಡಿಕೇರಿಯಿಂದ ನಂದೀಶ್ ಎಂಬ ಅಧಿಕಾರಿ ಯಂತ್ರ ನೋಡಲು ಬರುವುದಿತ್ತು. ಅವರು ಒಪ್ಪಿ ಸಹಿ ಹಾಕಿದರೆ ಹಸಿರು ಉದ್ಯಮದ ಸಹಾಯಧನ. ಹಾಗಾಗಿ ಚಿದಾನಂದ ಗಂಭೀರವಾಗಿ ತಲೆಯಾಡಿಸುತ್ತ ಕೂತ.

ಬುಧವಾರವೂ ಅದೇ ಒಂದು ಇಂಚು ಹನ್ನೆರಡು ಸೆಂಟ್. ರಾತ್ರಿ ಊಟಕ್ಕೆ ಬಡಿಸುವಾಗ ಅನುಪಮಾ ತಣ್ಣಗೆ ಕೇಳಿದಳು.

"ಮೂರು ದಿನಾನೂ ಒಂದೇ ಅಳತೇಲಿ ಬರೋಕೆ ಅದೇನು ಮಳೆನೋ, ರೇಷನ್ ಅಕ್ಕಿನೋ?"

ಚಿದಾನಂದ ತುತ್ತು ನುಂಗುವಷ್ಟರಲ್ಲಿ ಫೋನು ಬಂತು. ಬೆಳ್ಳಮ್ಮ. ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿದ್ದರಂತೆ. ಮಲಗಿದಲ್ಲಿಂದಲೇ ಮಾತಾಡಿದರು.

"ನೋಡು ಚಿದ, ನಲವತ್ತು ವರ್ಷ ನಿನ್ನಪ್ಪ ಹೇಳಿದ ಸೆಂಟನ್ನ ನಾನು ಒಂದು ದಿನ ಎದ್ದು ಹೋಗಿ ನೋಡಿದವಳಲ್ಲ. ನಿನ್ನ ಮಿಶನ್ ಹೇಳಿದ್ದೂ ಹಂಗೇ ಅಂದ್ಕೊಂಡಿದ್ದೀನಿ. ಇನ್ನೊಂದು ಹತ್ತು ದಿನಕ್ಕೆ ಬರ್ತೀನಿ. ಹೊಸ ಕಣ್ಣಲ್ಲಿ ಮೊದಲು ನೋಡೋದು ತೋಟದ ಹೂವೇ ಅಂತ ಡಾಕ್ಟರಿಗೂ ಹೇಳಿದ್ದೀನಿ."

ಚಿದಾನಂದ ಹ್ಞೂಂ ಎಂದು ಫೋನಿಟ್ಟ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಯಂತ್ರ ಸುಳ್ಳು ಹೇಳಿದ್ದರೆ ಆ ಹೂವಿಲ್ಲ, ಫಸಲಿಲ್ಲ, ಅಪ್ಪ ನಲವತ್ತು ವರ್ಷ ಕೂಡಿಟ್ಟ ಹೆಸರೂ ಇಲ್ಲ.

ಗುರುವಾರ ಬೆಳಕು ಹರಿಯುವ ಮೊದಲೇ ಹೋಗಿ ಕಣದ ಪಕ್ಕದ ಹಲಸಿನ ಮರದ ಹಿಂದೆ ಅಡಗಿ ಕೂತ. ಆರರಿಂದ ಯಂತ್ರದ ಮೇಲಿನ ಕಣ್ಣು ಕೀಳಲಿಲ್ಲ. ಆರೂವರೆ, ಏಳು, ಏಳೂವರೆ. ಒಂದು ಹಕ್ಕಿ ಬಂದು ಯಂತ್ರದ ಮೇಲೆ ಕೂತು, ತನ್ನ ಕೆಲಸ ಮುಗಿಸಿ ಹೋಯಿತು. ಅದು ಬಿಟ್ಟರೆ ಮೇಲಿನಿಂದ ಏನೂ ಬೀಳಲಿಲ್ಲ. ಸರಿಯಾಗಿ ಎಂಟಕ್ಕೆ ಜೇಬಿನಲ್ಲಿ ಫೋನು ಕಿಣಿಗುಟ್ಟಿತು. ಒಂದು ಇಂಚು ಹನ್ನೆರಡು ಸೆಂಟ್. ಕಣ್ಣೆದುರಿಗೇ ಒಣಗಿಕೊಂಡು ನಿಂತ ಯಂತ್ರ ಮಳೆ ಬಂತು ಎನ್ನುತ್ತಿದೆ. ಚಿದಾನಂದ ಮನೆದೇವರನ್ನು ನೆನೆದು ಏಳಬೇಕು ಎನ್ನುವಷ್ಟರಲ್ಲಿ, ಕಣದ ಆಚೆಯಿಂದ ಯಾರೋ ಕೆಮ್ಮಿದ ಸದ್ದಾಯಿತು.

ಬಂದವಳು ಲಿಂಗಿ. ತೋಟದ ಆಳುಗಳ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದ ಹಳೆಯ ಆಳು, ಬೆಳ್ಳಮ್ಮನವರಿಗಿಂತ ಎರಡು ವರ್ಷ ಹೆಚ್ಚೇ ಇರಬೇಕು, ಈಗ ಕಣ ಗುಡಿಸುವುದಷ್ಟೇ ಕೆಲಸ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಒಂದು ಪುಟ್ಟ ಹಿತ್ತಾಳೆ ಚೊಂಬು. ಪೊರಕೆ ಕೆಳಗಿಟ್ಟಳು, ಚಪ್ಪಲಿ ಬಿಟ್ಟಳು. ಚೊಂಬಿನ ನೀರನ್ನೆಲ್ಲ ನಿಧಾನವಾಗಿ ವರುಣಮಿತ್ರದ ಬಾಯಿಗೆ ಹೊಯ್ದಳು, ಒಳಗೆ ಬೆರಳಾಡಿಸಿ ತೊಳೆದಳು. ಹಕ್ಕಿಯ ಗುರುತನ್ನು ಉಗುರಿನಿಂದ ಕೆರೆದು, ಸೆರಗಿನಿಂದ ಸುತ್ತಲೂ ಒರೆಸಿದಳು. ಆಮೇಲೆ ಆಕಾಶ ನೋಡಿ ನಿಟ್ಟುಸಿರು ಬಿಟ್ಟು ಪೊರಕೆ ಎತ್ತಿಕೊಂಡಳು.

ಚಿದಾನಂದ ಮರದ ಹಿಂದಿನಿಂದ ಎದ್ದು ಬಂದ. ಕಾಲು ಜೋಮು ಹಿಡಿದಿತ್ತು.

"ಲಿಂಗಕ್ಕ, ಏನ್ ಮಾಡ್ತಿದ್ದೀಯ?"

"ಮಳೆ ಪಾತ್ರೆ ತೊಳೀತಿದ್ದೀನಿ ಚಿದಣ್ಣ," ಎಂದಳು ಲಿಂಗಿ, ಇದೇನು ಕೇಳುವ ಮಾತೇ ಎಂಬಂತೆ. "ನಿಮ್ಮಪ್ಪ ಹೇಳಿದ್ರಲ್ಲ. ದಿನಾ ಎಂಟು ಗಂಟೆಗೆ ಅವರು ನೀರು ಅಳೆದಾದ ಮೇಲೆ ತೊಳೆದಿಡಬೇಕು, ಪಾತ್ರೆ ಕೊಳಕಾದ್ರೆ ಮಳೆ ಸುಳ್ಳಾಗುತ್ತೆ ಅಂತ. ಎಷ್ಟು ವರ್ಷ ಆಗಿತ್ತು, ಕಂಬ ಬೋಳಾಗಿ ನಿಂತಿತ್ತು. ನೀನು ಪಾತ್ರೆ ತಂದಿಟ್ಟೆ ನೋಡು, ಹೊಟ್ಟೆ ತಣ್ಣಗಾಯ್ತು. ಆ ಹಳೇದನ್ನ ಬೋರಲು ಹಾಕಬೇಕಿತ್ತು, ಇದರಲ್ಲಿ ನೀರು ತಾನೇ ಕೆಳಗೆ ಹೋಗುತ್ತೆ. ಒಳ್ಳೆ ಪಾತ್ರೆ."

ಇವತ್ತು ಹೊಯ್ದ ಚೊಂಬು ನಾಳೆ ಎಂಟಕ್ಕೆ ಮಳೆಯಾಗಿ ಇಪ್ಪತ್ಮೂರು ಜನಕ್ಕೆ ಹೋಗುತ್ತದೆ. ಅಪ್ಪ ಮಳೆ ಸುಳ್ಳಾಗಬಾರದೆಂದು ಕೊಟ್ಟ ಅಪ್ಪಣೆಯೇ ಮಗನ ಮಳೆಯನ್ನು ಸುಳ್ಳು ಮಾಡಿತ್ತು. ಚಿದಾನಂದ ಕಂಬಕ್ಕೆ ಒರಗಿ ನಿಂತು, ನಗಬೇಕೋ ಅಳಬೇಕೋ ತಿಳಿಯದೆ, ಇನ್ನು ಮೇಲೆ ಇದನ್ನು ತೊಳೆಯುವುದು ಬೇಡ, ಇದು ಬೇರೆ ತರದ್ದು ಎಂದು ಮೆಲ್ಲಗೆ ಹೇಳಿ ನೋಡಿದ. ಲಿಂಗಿಯ ಮುಖ ಬಿಗಿಯಿತು.

"ಬೇಡ ಅಂತ ನಿಮ್ಮಪ್ಪನೇ ಬಂದು ಹೇಳ್ಲಿ."

"ಅಪ್ಪ ಎಲ್ಲಿದ್ದಾರೆ ಲಿಂಗಕ್ಕ, ಹೋಗಿ ಆರು ವರ್ಷ ಆಯ್ತಲ್ಲ."

"ಅವರು ಹೋದ್ರು. ಹೇಳಿದ ಮಾತೂ ಹೋಯ್ತಾ?"

ಕುಶಾಲನಗರದ ಶಿಬಿರದಲ್ಲಿ ಇದಕ್ಕೆ ಏನು ಉತ್ತರ ಕೊಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹತ್ತು ಗಂಟೆಗೆ ಅಧಿಕಾರಿ. ಸುಮ್ಮನಿದ್ದರೆ ಹದಿನಾಲ್ಕು ಯಂತ್ರ, ಸಹಾಯಧನ, ಊರಿನ ಮರ್ಯಾದೆ. ಎದುರಿಗೆ ಅಪ್ಪ ಬಗ್ಗಿ ಬಗ್ಗಿ ನಯಮಾಡಿದ್ದ ಕಂಬ. ಅವನು ಅಲ್ಲೇ ಕಣದ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಬರೆದ: 'ನಾಲ್ಕು ದಿನ ಬಂದದ್ದು ಮಳೆಯಲ್ಲ. ಲಿಂಗಿ ಪಾತ್ರೆ ತೊಳೆದ ಚೊಂಬು. ಯಾರಿಗೂ ಮಳೆ ಬಂದಿಲ್ಲ. ಯಂತ್ರ ಮಳೆ ಎಳೆಯುವುದಿಲ್ಲ. ತಪ್ಪು ನನ್ನದು.' ಕಣ್ಣು ಮುಚ್ಚಿಕೊಂಡು ಇಪ್ಪತ್ಮೂರು ಜನಕ್ಕೂ ಕಳಿಸಿದ.

ಆಮೇಲಿನ ಒಂದು ಗಂಟೆಯನ್ನು ವಿವರಿಸುವುದು ಬೇಡ. ನಗುವ ಮುಖದ ಚಿತ್ರಗಳು ಹೂಮಳೆಯಂತೆ ಸುರಿದವು. ಹದಿನಾಲ್ಕು ಹೆಸರುಗಳೂ ಒಂದೊಂದಾಗಿ ಉದುರಿದವು. ಸಂಪಾಜೆಯವರು ಮಾತ್ರ, ಚೊಂಬು ಎಲ್ಲಿ ಸಿಗುತ್ತೆ ಎಂದು ಕೇಳಿದರು. ಬೆಳ್ಳಮ್ಮನವರಿಗೆ ಫೋನು ಮಾಡಿದರೆ ಹರ್ಷಿತಾ, ಅಜ್ಜಿಗೆ ಹೇಳ್ತೀನಿ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಅದೇ ಎಲ್ಲಕ್ಕಿಂತ ಕಷ್ಟವಾಯಿತು.

ಚಿದಾನಂದ ಬೇಲಿ ದಾಟಿ ಸುನಿಲನ ತೋಟಕ್ಕೆ ಓಡಿದ. ಅಲ್ಲಿ ರಾಜು ಪಂಪು ಇಳಿಸಿ ಪೈಪು ಜೋಡಿಸುತ್ತಿದ್ದ. ಈ ಸರದಿ ಬೆಳ್ಳಮ್ಮನವರದ್ದು, ನನ್ನಿಂದ ತಪ್ಪಿಹೋಯಿತು, ಇವತ್ತು ಒಂದಿನ ಬಿಟ್ಟುಕೊಡಿ ಎಂದು ಬೇಡಿಕೊಂಡ. ಸುನಿಲ ಹೊಟ್ಟೆ ಹಿಡಿದು ನಕ್ಕು, ನಿನ್ನ ಮಿಶನ್ ಹಚ್ಚಿ ಎಳ್ಕೋ ಹೋಗು ಎಂದ. ಚಿದಾನಂದ ಮಾತು ಬೆಳೆಸದೆ, ಬೆಳ್ಳಮ್ಮನವರ ಹೊಸ ಕಣ್ಣಿನ ವಿಷಯ ಹೇಳಿದ. ಸುನಿಲನ ನಗು ನಿಂತಿತು. ಅವನ ಮೊಗ್ಗು ಇನ್ನೂ ನಾಲ್ಕು ದಿನ ತಡೆಯುವಂತಿತ್ತು. ಕಾಲಿನಿಂದ ಮಣ್ಣು ಕೆದಕುತ್ತ, ಪ್ರತಿ ವರ್ಷ ಹೂ ಬಿಟ್ಟಾಗ ನಮ್ಮಜ್ಜಿನ ಕರೆದುಕೊಂಡು ಹೋಗಿ ಆ ವರಾಂಡದಲ್ಲಿ ಕೂರಿಸ್ಕೊಂಡು ಕಾಫಿ ಕೊಡ್ತಿದ್ದರು ಅಮ್ಮಾವ್ರು ಎಂದ. ಪೈಪು ಹೊರೋದು ಮಾತ್ರ ನೀನೇ ಎಂದೂ ಸೇರಿಸಿದ.

ಹತ್ತು ಗಂಟೆಗೆ ನಂದೀಶ್ ಬಂದಾಗ ವರುಣಮಿತ್ರದ ಸಂಸ್ಥಾಪಕರು ಹೆಗಲ ಮೇಲೆ ಇಪ್ಪತ್ತಡಿ ಪೈಪು ಹೊತ್ತು, ಬನಿಯನ್ನಿನಲ್ಲಿ, ಮೊಣಕಾಲವರೆಗೆ ಹೊಳೆಯ ಕೆಸರಾಗಿ ಎದುರಿಗೆ ಬಂದರು. ನಂದೀಶ್ ಚಿಕ್ಕ ವಯಸ್ಸಿನ ಮೆದು ಮಾತಿನ ಅಧಿಕಾರಿ. ಅರ್ಜಿಯ ಜೊತೆ ಬಂದಿದ್ದ ಕಾರ್ಡು ಫೈಲಿನೊಳಗೇ ಮೊಳೆತು ಬೇರೆಯವರ ಅರ್ಜಿಗೆ ಬೇರು ಬಿಟ್ಟಿದ್ದರಿಂದ ಚಿದಾನಂದನ ಹೆಸರು ಅವರಿಗೆ ಚೆನ್ನಾಗಿ ನೆನಪಿತ್ತು. ಚಿದಾನಂದ ಪೈಪು ಇಳಿಸಿ, ಒಂದನ್ನೂ ಬಿಡದೆ ಎಲ್ಲ ಹೇಳಿದ. ನಂದೀಶ್ ಬರೆಯುತ್ತಿದ್ದವರು ತಲೆ ಎತ್ತಿದರು.

"ನಾಲ್ಕು ದಿನಾನೂ ಅದೇ ಚೊಂಬಾ?"

"ಅದೇ ಚೊಂಬು ಸಾರ್."

"ನಾಲ್ಕು ದಿನಾನೂ ಒಂದು ಇಂಚು ಹನ್ನೆರಡು ಸೆಂಟಾ?"

"ಹೌದು ಸಾರ್."

"ಹಂಗಾದ್ರೆ ನಿಮ್ಮ ಮಿಶನ್ನು ಸರಿಯಾಗಿದೆಯಲ್ರೀ," ಎಂದರು ನಂದೀಶ್.

ಆದರೆ ಅಧಿಕಾರಿಯೆಂದರೆ ಅಧಿಕಾರಿ. ಬಾಯಿಮಾತಿಗೆ ಸಹಿ ಬೀಳುವುದಿಲ್ಲ. ಹಳೆಯ ತರದ ಮಳೆ ಪಾತ್ರೆಯನ್ನು ಪಕ್ಕದಲ್ಲಿಟ್ಟು, ಒಂದು ನಿಜವಾದ ಮಳೆಗೆ ಎರಡೂ ಒಂದೇ ಉತ್ತರ ಕೊಟ್ಟರೆ ನೋಡೋಣ ಎಂದು ಹೇಳಿ ಹೋದರು. ಚಿದಾನಂದ ಪೈಪಿನ ನಡುವೆ ಬಿಡುವು ಮಾಡಿಕೊಂಡು ಮನೆಗೆ ಹೋದ. ನಿಂಗಮ್ಮ ಮೆಣಸಿನಕಾಯಿ ಸುರಿದು ತಾಮ್ರದ ಪಾತ್ರೆಯನ್ನು ಹುಣಸೆಹಣ್ಣಿನಿಂದ ಉಜ್ಜಿಕೊಟ್ಟರು. ದೇವರ ಗೂಡಿನ ಗಾಜಿನ ಲೋಟ ತೆಗೆದು ದಾಸವಾಳವನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು. ಒಡೆದುಬಿಟ್ಟೀಯ, ನಿಮ್ಮಪ್ಪ ಮದುವೆ ಉಂಗುರ ಕಳೆದುಹೋದಾಗ ಒಂದು ಮಾತಾಡಲಿಲ್ಲ, ಇದಕ್ಕೆ ಒಂದು ಸಲ ನಾನು ಮಜ್ಜಿಗೆ ಹಾಕಿದ್ದಕ್ಕೆ ಎರಡು ದಿನ ಊಟ ಬಿಟ್ಟಿದ್ದರು ಎಂದರು.

ಅಂತೂ ಸಂಜೆ ನಾಲ್ಕಕ್ಕೆ ಇಡೀ ತೋಟಕ್ಕೆ ಪೈಪು ಹರಡಿ ಮುಗಿಯಿತು. ಚಿದಾನಂದನ ಹೆಗಲು ಸುಲಿದುಹೋಗಿತ್ತು. ರಾಜು ಪಂಪಿನ ಹಗ್ಗ ಎಳೆದು ಚಾಲು ಮಾಡಬೇಕು, ಅಷ್ಟರಲ್ಲಿ ಕೋಟೆಬೆಟ್ಟದ ಕಡೆ ಗುಡುಗಿತು. ರಾಜು ಹಗ್ಗ ಹಿಡಿದವನು ಹಾಗೇ ನಿಂತ. ಗಾಳಿ ಬಂತು, ಮಣ್ಣಿನ ವಾಸನೆ ಬಂತು, ಎಲೆಗಳ ಮೇಲೆ ಪಟಪಟ ಎಂದಿತು. ಆಮೇಲೆ ಯಾರೂ ಎಳೆಯದೆ, ಯಾರೂ ತಳ್ಳದೆ, ತನ್ನ ಪಾಡಿಗೆ ತಾನು ಮಳೆ ಸುರಿಯತೊಡಗಿತು. ಅರ್ಧ ದಿನ ಹೊತ್ತು ಹಾಕಿದ ಪೈಪುಗಳ ಮೇಲೆ ಧಾರಾಳವಾಗಿ ಸುರಿಯಿತು. ರಾಜು, ಇದನ್ನ ಬೆಳಿಗ್ಗೆನೇ ಮಾಡಬಾರದಿತ್ತಾ ಎಂದು ಆಕಾಶಕ್ಕೆ ಬೈದ. ಚಿದಾನಂದ ಓಡಲಿಲ್ಲ. ಕಂಬದ ಹತ್ತಿರ ನಿಂತು ನೆನೆದ. ಪಕ್ಕಪಕ್ಕದಲ್ಲಿ ಅಪ್ಪನ ಪಾತ್ರೆ, ಅವನ ಪಾತ್ರೆ. ಮಳೆ ಎರಡಕ್ಕೂ ಬೀಳುತ್ತಿತ್ತು.

ಶುಕ್ರವಾರ ಎಂಟಕ್ಕೆ ಇಪ್ಪತ್ಮೂರು ಫೋನುಗಳು ಕಿಣಿಗುಟ್ಟಿದವು. ಬೆಳ್ಳಮ್ಮನವರ ತೋಟ: ಎರಡು ಇಂಚು.

ಕಂಬದ ಮುಂದೆ ಗಾಜಿನ ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿದ್ದ ಚಿದಾನಂದ ಆ ಕಣ್ಣನ್ನೂ ತೆರೆದ. ಅಪ್ಪನ ಲೋಟದಲ್ಲಿದ್ದದ್ದು ಎಂಬತ್ತೆಂಟು ಸೆಂಟು. ಯಂತ್ರ ಎರಡು ಇಂಚು ಅನ್ನುತ್ತಿದೆ. ಮುಗಿಯಿತು, ಇದೂ ಹೋಯಿತು ಎಂದುಕೊಂಡು ಫೋನು ನೋಡಿದರೆ, ಗುಂಪಿನಲ್ಲಿ ಆಗಲೇ ಸುನಿಲ ಬರೆದಿದ್ದ: 'ಲಿಂಗಿಯ ಚೊಂಬು ಕಳೆದು, ಎಂಬತ್ತೆಂಟು.' ಅದರ ಕೆಳಗೆ ಇನ್ನೊಬ್ಬ, 'ಕಳೆದು ಎಂಬತ್ತೆಂಟು, ಸರಿ.' ಮತ್ತೊಬ್ಬ, 'ನಮ್ಮಲ್ಲಿ ತೊಂಬತ್ತು.' ಅದಕ್ಕೆ ಉತ್ತರವಾಗಿ ಯಾರೋ, 'ನಿಮ್ಮದು ಯಾವಾಗಲೂ ಎರಡು ಹೆಚ್ಚೇ ಅಲ್ವಾ.' ಎಷ್ಟೋ ವರ್ಷದಿಂದ ಮಳೆಯ ಬಗ್ಗೆ ಬಾಯಿ ಬಿಡದವರೆಲ್ಲ ಒಬ್ಬರ ಹಿಂದೆ ಒಬ್ಬರು ನಿಮಗೆಷ್ಟು, ನಿಮಗೆಷ್ಟು ಎಂದು ಕೇಳತೊಡಗಿದರು. ಮಧ್ಯಾಹ್ನದವರೆಗೂ ಫೋನು ಬಡಿದುಕೊಳ್ಳುವುದು ನಿಲ್ಲಲಿಲ್ಲ. ಎರಡರ ಅಂತರ ಒಂದು ಚೊಂಬು ಎಂದು ಬರೆದು ನಂದೀಶ್ ಸಹಿ ಹಾಕಿದರು. ಮೈಸೂರಿನಿಂದ ಮಾತ್ರ ಏನೂ ಬರಲಿಲ್ಲ.

ಮಳೆ ಬಿದ್ದ ಒಂಬತ್ತನೆಯ ದಿನ ಬೆಳಗಾಗುತ್ತಲೇ ಬೆಳ್ಳಮ್ಮ ಬಂದರು. ಕಪ್ಪು ಕನ್ನಡಕ, ಕೈಯಲ್ಲಿ ಕೋಲು. ಅಷ್ಟೊತ್ತಿಗೆ ತೋಟಕ್ಕೆ ತೋಟವೇ ಬೆಳ್ಳಗಾಗಿತ್ತು, ವಾಸನೆ ರಸ್ತೆಯವರೆಗೂ ಬಂದಿತ್ತು, ಜೇನುಹುಳುಗಳ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ. ವರಾಂಡದ ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು, ಡಾಕ್ಟರು ಬೇಡ ಎಂದಷ್ಟು ಹೊತ್ತೂ ನೋಡಿದರು. ಮೆಟ್ಟಿಲ ಕೆಳಗೆ ಚಿದಾನಂದ ಕೈಕಟ್ಟಿ ನಿಂತಿದ್ದ. ಬೈಗುಳಕ್ಕೆ ಕಾಯುತ್ತಿದ್ದ. ಅವರು ಅವನನ್ನು ನೋಡಲೇ ಇಲ್ಲ. ಗಡಿಯಾರ ಎಂಟು ಹೊಡೆಯಿತು, ಜೇಬಿನಲ್ಲಿ ಫೋನು ಕಿಣಿಗುಟ್ಟಿತು.

"ಎಷ್ಟಂತೆ?" ಎಂದರು ಬೆಳ್ಳಮ್ಮ, ಹೂವಿನಿಂದ ಕಣ್ಣು ತೆಗೆಯದೆ.

ಬಿಸಿಲು ಚುರುಗುಟ್ಟುತ್ತಿತ್ತು. ಕಣದ ಆಚೆಯಿಂದ ಲಿಂಗಿ ಚೊಂಬು ಹಿಡಿದು ಬರುತ್ತಿದ್ದಳು. ಚಿದಾನಂದ ಗಂಟಲು ಸರಿಮಾಡಿಕೊಂಡು, ವರಾಂಡಕ್ಕೆಲ್ಲ ಕೇಳುವಂತೆ ಹೇಳಿದ.

"ಒಂದು ಇಂಚು ಹನ್ನೆರಡು ಸೆಂಟ್, ಅಮ್ಮ."

ಬೆಳ್ಳಮ್ಮ ಕಾಫಿ ಲೋಟ ಎತ್ತಿಕೊಂಡರು.

"ಸರಿ, ಬರ್ಕೊಳ್ಳಿ."

ಚಿದಾನಂದ ಚೀಲದಿಂದ ಅಪ್ಪನ ಮಳೆ ಪುಸ್ತಕ ತೆಗೆದ. ಖಾಲಿ ಪುಟ ಬೇಕಾದಷ್ಟು ಉಳಿದಿತ್ತು. ತಾರೀಕು ಹಾಕಿ, ಇಂಚು ಹಾಕಿ, ಸೆಂಟು ಹಾಕಿ, ಷರಾದ ಕಲಮಿಗೆ ಬಂದು ಸ್ವಲ್ಪ ಯೋಚಿಸಿ, ಅಪ್ಪನ ಹಾಗೆಯೇ ದುಂಡಗೆ ಬರೆದ: 'ಲಿಂಗಿ.'